ಸೂಜಿಯ ಕಣ್ಣು

ಓದತಕ್ಕ ವೇದಭಾಗಗಳು: ಮತ್ತಾಯ ೧೯:೧೬–೨೬, ೧ ಅರಸುಗಳು ೨೧, ಲೂಕ ೧೯:೧–೧೦.



ನಮ್ಮ ಕರ್ತನು ನುಡಿದ ಮಾತುಗಳಲ್ಲಿ ಕೆಲವು ದಣಿದವನಿಗೆ ತಣ್ಣೀರಿನಂತಿವೆ. ಕೆಲವು ಕಾಲಿಗೆ ಹೊಕ್ಕ ಮುಳ್ಳಿನಂತೆ, ತೆಗೆಯುವ ತನಕ ನೆಟ್ಟಗೆ ನಡೆಯಗೊಡವು. ಒಂಟೆಗೆ ಸೂಜಿಯ ಕಣ್ಣು ಎಷ್ಟು ಇಕ್ಕಟ್ಟೋ, ಹಣವುಳ್ಳವನಿಗೆ ದೇವರ ರಾಜ್ಯದ ಬಾಗಲು ಅದಕ್ಕಿಂತಲೂ ಇಕ್ಕಟ್ಟು ಎಂದು ಆತನು ಶಿಷ್ಯರಿಗೆ ತಿಳಿಸಿದ್ದು ಈ ಎರಡನೆಯ ತರದ ಮಾತು. ಅದನ್ನು ಕೇಳಿ ಶಿಷ್ಯರೇ ಬೆಚ್ಚಿಬಿದ್ದರು. ನಾವಾದರೋ ಅದನ್ನು ಎಷ್ಟೋ ಸಾರಿ ಕೇಳಿಯೂ ಬೆಚ್ಚುವದಿಲ್ಲ. ಯಾಕಂದರೆ ಇದು ದೊಡ್ಡ ಸಾಹುಕಾರರಿಗೆ ಹೇಳಿದ ಮಾತು, ನಮಗೆ ಸಂಬಂಧಪಟ್ಟದ್ದಲ್ಲ ಎಂದು ನೆನಸಿಕೊಂಡಿದ್ದೇವೆ. ಆದದರಿಂದ ಈ ತಿಂಗಳು ಅಮೇರಿಕ ದೇಶದಲ್ಲಿ ಸೂಜಿಯ ಕಣ್ಣೆಂಬ ಹೆಸರನ್ನೇ ಹೊಂದಿರುವ ಒಂದು ಬಂಡೆಯ ಸುರಂಗಕ್ಕೆ ಮನಸ್ಸಿನಲ್ಲಿ ಹೋಗಿ ಬರೋಣ. ಕಣ್ಣಿಗೆ ಕಾಣುವ ಇಕ್ಕಟ್ಟಾದ ದಾರಿಯನ್ನು ನೋಡಿದರೆ ಕಾಣದಿರುವ ದಾರಿಯ ವಿಷಯದಲ್ಲಿ ಯೋಚಿಸುವದಕ್ಕೆ ಸಹಾಯವಾದೀತು.

೧. ಬಂಡೆಯೂ ಅದರ ಅಳತೆಯೂ

ಉತ್ತರ ಅಮೇರಿಕದ ನಡುಭಾಗದಲ್ಲಿ ದಕ್ಷಿಣ ಡಕೋಟ ಎಂಬ ಸಂಸ್ಥಾನವಿದೆ. ಅದರ ಪಡುವಣ ಅಂಚಿನಲ್ಲಿ, ಕಣ್ಣು ಹಾಯುವ ತನಕ ಹುಲ್ಲೇ ಹಬ್ಬಿರುವ ಬೈಲಿನ ನಡುವೆ, ಕರೀ ಗುಡ್ಡಗಳೆಂಬ ಬೆಟ್ಟಗಳು ಎದ್ದು ನಿಂತಿವೆ. ಪೈನ್ ಮರಗಳು ದಟ್ಟವಾಗಿ ಬೆಳೆದಿರುವದರಿಂದ ಅವು ದೂರಕ್ಕೆ ಕಪ್ಪಾಗಿ ಕಾಣುತ್ತವೆ. ಅಲ್ಲಿಯ ಮೂಲನಿವಾಸಿಗಳಾದ ಲಕೋಟ ಜನರು ತಮ್ಮ ಭಾಷೆಯಲ್ಲಿ ಅವುಗಳನ್ನು ಪಹಾ ಸಾಪಾ ಎಂದು ಕರೆಯುತ್ತಾರೆ. ಅದರ ಅರ್ಥವೂ ಕರೀ ಗುಡ್ಡಗಳೆಂದೇ.

ಆ ಬೆಟ್ಟಗಳ ಒಂದು ಭಾಗದಲ್ಲಿ ಕಗ್ಗಲ್ಲಿನ ಬಂಡೆಗಳು, ತುದಿ ಮೇಲಾಗಿ ನೆಟ್ಟ ಸೂಜಿಗಳ ಹಾಗೆ ಸಾಲುಸಾಲಾಗಿ ನಿಂತಿವೆ. ಅವುಗಳನ್ನು ಕೆತ್ತಿದ ಉಳಿ ಯಾವದು? ಗಾಳಿ, ಮಳೆ, ಚಳಿ. ಚಳಿಗಾಲದಲ್ಲಿ ಬಂಡೆಯ ಬಿರುಕುಗಳೊಳಗಿನ ನೀರು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ನೀರಿಗೆ ಮೊದಲಿಗಿಂತ ಹೆಚ್ಚು ಸ್ಥಳ ಬೇಕಾಗಿರುವದರಿಂದ ಅದು ಬೆಣೆಯಂತೆ ಬಿರುಕನ್ನು ಅಗಲಿಸುತ್ತದೆ. ಆಮೇಲೆ ಕರಗಿ, ಇನ್ನೂ ಆಳಕ್ಕೆ ಇಳಿದು, ಮತ್ತೆ ಹೆಪ್ಪುಗಟ್ಟುತ್ತದೆ. ಬಹು ಕಾಲದಿಂದ ಹೀಗೆ ನಡೆದು ಒಂದು ಬಂಡೆಯ ನಡುವೆ ಉದ್ದವಾದ ಸೀಳುಗಂಡಿ ಉಂಟಾಗಿದೆ. ಅದರ ಮೂಲಕ ಆಚೆಯ ಆಕಾಶವು ಕಾಣುವದು. ಇದಕ್ಕೆ ಸೂಜಿಯ ಕಣ್ಣೆಂದು ಹೆಸರು.

ಈ ಬಂಡೆಗಳ ನಡುವೆ ೧೪ ಮೈಲು ಉದ್ದದ ಒಂದು ದಾರಿ ಇದೆ. ಅದು ಮುಗಿದದ್ದು ೧೯೨೨ನೇ ಇಸವಿಯಲ್ಲಿ. ಅದನ್ನು ಮಾಡಿಸಲೇಬೇಕೆಂದು ಹಟಹಿಡಿದವನು ಪೀಟರ್ ನೊರ್ಬೆಕ್ ಎಂಬವನು. ಆತನು ೧೯೧೭ರಿಂದ ೧೯೨೧ರ ವರೆಗೆ ಆ ಸಂಸ್ಥಾನದ ಗವರ್ನರನಾಗಿದ್ದನು. ಅದಕ್ಕೆ ಮೊದಲು ಬಾವಿ ಕೊರೆಯಿಸುವ ಉದ್ಯೋಗದಲ್ಲಿದ್ದವನು. ಕಾಲ್ನಡೆಯಾಗಿಯೂ ಕುದುರೆಯ ಮೇಲೆಯೂ ಬೆಟ್ಟಗಳಲ್ಲಿ ತಿರುಗಿ ದಾರಿ ಹೋಗಬೇಕಾದ ಗುರುತುಗಳನ್ನು ಆತನೇ ನೋಡಿ ಇಟ್ಟನು. ಇಂಥ ಸ್ಥಳದಲ್ಲಿ ದಾರಿಯಾದೀತೇ ಎಂದು ಕೇಳಿದಾಗ, ಸಾಕಷ್ಟು ಸಿಡಿಮದ್ದು ಕೊಟ್ಟರೆ ಆದೀತೆಂದು ಅವನ ಇಂಜಿನಿಯರನು ಉತ್ತರಕೊಟ್ಟನೆಂದು ಆ ದೇಶದವರು ಹೇಳಿಕೊಳ್ಳುತ್ತಾರೆ. ಬಂಡೆಯನ್ನು ಸುತ್ತಿ ಹೋಗುವದು ಆಗದ ಕಡೆಯಲ್ಲಿ ಬಂಡೆಯನ್ನೇ ಸಿಡಿಸಿ ತೂತು ಕೊರೆದರು. ಸೂಜಿಯ ಕಣ್ಣಿನ ಹತ್ತಿರ ಹೀಗೆ ಕೊರೆದ ಸುರಂಗಕ್ಕೂ ಅದೇ ಹೆಸರು ಬಂತು.

ಆ ಸುರಂಗದ ಅಗಲ ೮ ಅಡಿ. ಎತ್ತರ ೯ ಅಡಿ ೯ ಅಂಗುಲ. ಬೇಸಿಗೆಯಲ್ಲಿ ಅದನ್ನು ನೋಡುವದಕ್ಕೆ ದೂರದೂರದಿಂದ ಜನರು ಬರುತ್ತಾರೆ. ಎರಡೂ ಬದಿಗಳಲ್ಲಿ ಮೋಟಾರು ಬಂಡಿಗಳು ನಿಂತು, ಒಂದಾದ ಮೇಲೊಂದು ಮೆಲ್ಲಗೆ ಒಳಗೆ ಹೋಗುತ್ತವೆ. ಬಂಡಿ ದೊಡ್ಡದಾದರೆ ನಡಿಸುವವನು ಎರಡು ಪಕ್ಕದ ಕನ್ನಡಿಗಳನ್ನು ಮಡಿಚಿ, ಉಸಿರು ಬಿಗಿಹಿಡಿದು ಮುಂದರಿಯುತ್ತಾನೆ. ನೋಡುವವರೂ ಉಸಿರು ಬಿಗಿಹಿಡಿಯುತ್ತಾರೆ. ಈಗ ಆ ದೇಶದಲ್ಲಿ ಓಡುವ ದೊಡ್ಡ ಬಸ್ಸುಗಳಲ್ಲಿ ಅನೇಕವುಗಳ ಅಗಲ ಎಂಟೂವರೆ ಅಡಿ. ಅಂಥ ಬಸ್ಸು ಎಷ್ಟು ಬಲವುಳ್ಳದ್ದಾದರೂ ಎಷ್ಟು ಬೆಲೆಬಾಳುವದಾದರೂ ಆ ಸುರಂಗದಲ್ಲಿ ದಾಟಲಾರದು. ಆದರೆ ಅದೇ ಬಸ್ಸಿನಿಂದ ಇಳಿದು ನಡೆಯುವ ಮುದುಕನು ಸುಮ್ಮನೆ ದಾಟುತ್ತಾನೆ. ಚಿಕ್ಕ ಮಗು ಓಡುತ್ತಾ ದಾಟಿ, ಓಡುತ್ತಾ ತಿರಿಗಿ ಬರುತ್ತದೆ.

ಪ್ರಿಯರೇ, ಇಲ್ಲಿ ಸ್ವಲ್ಪ ನಿಂತು ನೋಡೋಣ. ಆ ಬಂಡೆಗೆ ಬಸ್ಸಿನ ಮೇಲೆ ದ್ವೇಷವಿಲ್ಲ, ಮಗುವಿನ ಮೇಲೆ ಪಕ್ಷಪಾತವೂ ಇಲ್ಲ. ಒಳಗೆ ಬರುವವನು ಯಾರ ಮಗನು, ಎಷ್ಟು ಓದಿದವನು, ಊರಲ್ಲಿ ಅವನ ಮಾತು ಎಷ್ಟು ನಡೆಯುತ್ತದೆ ಎಂದು ಅದು ಕೇಳುವದಿಲ್ಲ. ಬರುವಾತನ ಅಗಲವನ್ನು ಮಾತ್ರ ಅದು ನೋಡುತ್ತದೆ. ಮನುಷ್ಯನು ದೇವರು ಮಾಡಿದ ಅಳತೆಯಲ್ಲಿಯೇ ಬಂದರೆ ಸುರಂಗದಲ್ಲಿ ಬೇಕಾದಷ್ಟು ಸ್ಥಳವಿದೆ. ತನ್ನ ಸುತ್ತಲೂ ತಾನೇ ಕಟ್ಟಿಕೊಂಡ ಅಗಲದೊಂದಿಗೆ ಬಂದರೆ ಸ್ಥಳವಿಲ್ಲ.

ಕರ್ತನ ಬಳಿಗೆ ಬಂದ ಆ ಯೌವನಸ್ಥನು ಕೆಟ್ಟವನಾಗಿರಲಿಲ್ಲ. ಕಳ್ಳನಲ್ಲ, ವ್ಯಭಿಚಾರಿಯಲ್ಲ, ತಂದೆತಾಯಿಗಳನ್ನು ತಿರಸ್ಕರಿಸಿದವನಲ್ಲ. ಓಡುತ್ತಾ ಬಂದನೆಂದೂ ಮೊಣಕಾಲೂರಿದನೆಂದೂ ಯೇಸು ಅವನನ್ನು ನೋಡಿ ಪ್ರೀತಿಸಿದನೆಂದೂ ಮಾರ್ಕನು ಬರೆದಿದ್ದಾನೆ. ಹಾಗಿದ್ದರೂ ಅವನು ವ್ಯಸನಪಟ್ಟು ಹೊರಟುಹೋದನು. ಬಾಗಲು ಮುಚ್ಚಿರಲಿಲ್ಲ, ಕರೆದಾತನು ಬಾಗಲಲ್ಲೇ ನಿಂತಿದ್ದನು. ಅವನ ಆಸ್ತಿಯ ಅಗಲವೇ ಅವನನ್ನು ತಡೆಯಿತು.

೨. ಹೊರೆ ಎಂದರೆ ಹಣ ಮಾತ್ರವೋ?

ನಾವು ಬಡವರು, ಎರಡು ಎತ್ತು, ಒಂದು ಎಕರೆ ಮಕ್ಕಿಗದ್ದೆ ಬಿಟ್ಟರೆ ನಮಗೇನಿದೆ? ನಮ್ಮ ಅಗಲ ಎಷ್ಟಾದೀತು? ಎಂದು ನಿಮ್ಮಲ್ಲಿ ಕೆಲವರು ಹೇಳುವಿರಿ. ಅದಕ್ಕೆ ಉತ್ತರವಾಗಿ ಆ ಕರೀ ಗುಡ್ಡಗಳ ಕಥೆಯನ್ನೇ ಕೇಳಿರಿ. ಅಲ್ಲಿಯ ಸೌಂದರ್ಯವನ್ನು ನೋಡಿ ಸೃಷ್ಟಿಕರ್ತನನ್ನು ಸ್ತುತಿಸುವವನು ಈ ಕಥೆಯನ್ನೂ ತಿಳಿದಿರಬೇಕು.

೧೮೬೮ರಲ್ಲಿ ಅಮೇರಿಕದ ಸರಕಾರವು ಲಕೋಟ ಮೊದಲಾದ ಕುಲಗಳೊಂದಿಗೆ ಒಂದು ಒಡಂಬಡಿಕೆ ಮಾಡಿತು. ಆ ಗುಡ್ಡಗಳು ಅವರದೇ ಎಂದು ಅದರಲ್ಲಿ ಒಪ್ಪಿತು. ಅವರ ಪ್ರಾಯಸ್ಥ ಗಂಡಸರಲ್ಲಿ ಮುಕ್ಕಾಲು ಪಾಲಿನವರು ರುಜು ಹಾಕದ ಹೊರತು ಆ ನೆಲದ ಯಾವ ಭಾಗವನ್ನೂ ಬಿಟ್ಟುಕೊಟ್ಟಂತೆ ಆಗಕೂಡದೆಂದೂ ಬರೆಯಲ್ಪಟ್ಟಿತು. ಆರು ವರ್ಷಗಳಾದ ಮೇಲೆ, ೧೮೭೪ರಲ್ಲಿ, ಕಸ್ಟರ್ ಎಂಬ ಸೇನಾಧಿಕಾರಿಯು ದಂಡಿನೊಂದಿಗೆ ಆ ಗುಡ್ಡಗಳಿಗೆ ಹೋದಾಗ ಹಳ್ಳದ ಮರಳಲ್ಲಿ ಚಿನ್ನ ಕಂಡಿತು. ಚಿನ್ನವೆಂಬ ಮಾತು ಹಬ್ಬಿದ್ದೇ ಜನರು ಸಾವಿರಾರಾಗಿ ನುಗ್ಗಿದರು. ಸರಕಾರವು ಗುಡ್ಡಗಳನ್ನು ಕೊಂಡುಕೊಳ್ಳುತ್ತೇವೆಂದು ಕೇಳಿದಾಗ ಲಕೋಟರು ಕೊಡಲಿಲ್ಲ. ಆಗ, ಗುಡ್ಡಗಳನ್ನು ಬಿಟ್ಟುಕೊಡುವ ತನಕ ಅವರಿಗೆ ಸಲ್ಲುತ್ತಿದ್ದ ಆಹಾರವನ್ನು ಕೊಡಬಾರದೆಂದು ೧೮೭೬ರಲ್ಲಿ ಕಾನೂನಾಯಿತು. ಬೇಟೆಯ ಮೃಗಗಳು ಕಡಿಮೆಯಾಗಿ ಆ ಜನರು ಹಸಿವಿನಲ್ಲಿದ್ದರು. ಮುಕ್ಕಾಲು ಪಾಲು ಜನರ ರುಜು ಬೇಕಾಗಿದ್ದಲ್ಲಿ ಸುಮಾರು ಹತ್ತರಲ್ಲಿ ಒಬ್ಬನ ರುಜು ಮಾತ್ರ ಸಿಕ್ಕಿತು. ಅಷ್ಟಾದರೂ ೧೮೭೭ರಲ್ಲಿ ಗುಡ್ಡಗಳನ್ನು ತೆಗೆದುಕೊಂಡರು. ತೆಗೆದುಕೊಂಡವರು ಕ್ರೈಸ್ತರೆಂಬ ಹೆಸರುಳ್ಳ ಜನರು. ಅವರ ಮನೆಗಳಲ್ಲಿ ಸತ್ಯವೇದವಿತ್ತು.

ಸೂಜಿಯ ಕಣ್ಣಿನ ದಾರಿ ಹಾದುಹೋಗುವ ವಿಶಾಲವಾದ ಉಪವನಕ್ಕೆ ಈಗಲೂ ಕಸ್ಟರನ ಹೆಸರೇ ಇದೆ. ಗುಡ್ಡಗಳನ್ನು ತೆಗೆದುಕೊಂಡದ್ದಕ್ಕೆ ಸರಕಾರವು ನ್ಯಾಯವಾದ ಬೆಲೆಯನ್ನು ಸಲ್ಲಿಸಲಿಲ್ಲ, ಸಲ್ಲಿಸಲೇಬೇಕು ಎಂದು ಆ ದೇಶದ ಅತ್ಯುನ್ನತ ನ್ಯಾಯಸ್ಥಾನವು ೧೯೮೦ರಲ್ಲಿ ತೀರ್ಪುಕೊಟ್ಟಿತು. ಬಡ್ಡಿ ಸೇರಿ ಅದು ೧೦ ಕೋಟಿ ಡಾಲರಿಗೂ ಹೆಚ್ಚಾಯಿತು. ಲಕೋಟರು ಆ ಹಣವನ್ನು ಮುಟ್ಟಲಿಲ್ಲ. ಅವರಲ್ಲಿ ಅನೇಕರು ಬಹಳ ಬಡವರು. ಆದರೂ ತಮ್ಮ ಗುಡ್ಡಗಳು ಮಾರಾಟಕ್ಕಿಲ್ಲವೆಂದು ಹೇಳಿ ಅದನ್ನು ಖಜಾನೆಯಲ್ಲಿಯೇ ಬಿಟ್ಟಿದ್ದಾರೆ.

ಇದನ್ನು ಕೇಳುವಾಗ ನಾಬೋತನ ನೆನಪು ಬರುವದಿಲ್ಲವೇ? ಅಹಾಬನು ಹಣ ಕೊಡುತ್ತೇನೆಂದನು. ಬೇರೆ ತೋಟ ಕೊಡುತ್ತೇನೆಂದನು. ಪಿತೃಗಳಿಂದ ಬಂದ ಭೂಮಿಯನ್ನು ನಾಬೋತನು ಬಿಡಲಿಲ್ಲ. ಆಮೇಲೆ ಪತ್ರ ಬರೆಯಲ್ಪಟ್ಟಿತು, ಮುದ್ರೆ ಬಿತ್ತು, ಹಿರಿಯರು ಕೂಡಿದರು, ಸಾಕ್ಷಿಗಳು ನಿಂತರು. ಕಾಗದದಲ್ಲಿ ಏನೂ ಕೊರತೆ ಇರಲಿಲ್ಲ. ಆದರೆ ಅಹಾಬನು ತೋಟದೊಳಗೆ ಕಾಲಿಟ್ಟಾಗ ದೇವರ ಮನುಷ್ಯನು ಅಲ್ಲಿ ಅವನಿಗೆ ಎದುರಾದನು.

ಪ್ರಿಯ ಸಭೆಯವರೇ, ಇಂಥ ಕಾಗದಗಳು ಅರಸರ ಪೆಟ್ಟಿಗೆಯಲ್ಲಿ ಮಾತ್ರ ಇರುವವೆಂದು ನೆನಸಬೇಡಿರಿ. ಅನಾವೃಷ್ಟಿಯ ವರ್ಷದಲ್ಲಿ, ಮನೆಯಲ್ಲಿ ಅಕ್ಕಿ ಇಲ್ಲದ ತಿಂಗಳಲ್ಲಿ, ನೆರೆಯವನು ಕೊಟ್ಟ ಬೆಲೆಗೆ ಒಪ್ಪಿ ಹೆಬ್ಬೆಟ್ಟು ಒತ್ತಿದ ಪತ್ರ ನಿಮ್ಮಲ್ಲಿ ಯಾರ ಪೆಟ್ಟಿಗೆಯಲ್ಲಿಯೂ ಇಲ್ಲವೇ? ಹಸಿದವನ ಹೆಬ್ಬೆಟ್ಟು ಕಚೇರಿಯಲ್ಲಿ ನಿಲ್ಲಬಹುದು. ದೇವರ ಮುಂದೆ ನಿಲ್ಲುವದೋ? ಅಣ್ಣನು ಸತ್ತ ಮೇಲೆ ಅತ್ತಿಗೆಯ ಪಾಲಿನ ಗದ್ದೆಯನ್ನು ಉಳುತ್ತಾ ಬಂದು, ಈಗ ಅದು ತನ್ನದೇ ಎಂದು ಹೇಳುವ ಮೈದುನನಿಲ್ಲವೇ? ಮಳೆಗಾಲದಲ್ಲಿ ಬದು ಕಟ್ಟುವಾಗ ಗಡಿಕಲ್ಲನ್ನು ಒಂದು ಮೊಳ ಆಚೆಗೆ ಸರಿಸಿದ ಕೈ ಭಾನುವಾರ ಹಾಡಿನ ಪುಸ್ತಕವನ್ನು ಹಿಡಿಯುವದಿಲ್ಲವೇ? ಒಂದು ಮೊಳ ನೆಲ ಎಷ್ಟು ಚಿಕ್ಕದು! ಆದರೆ ೮ ಅಡಿಯ ಬಾಗಲಲ್ಲಿ ಎಂಟೂವರೆ ಅಡಿಯ ಬಸ್ಸನ್ನು ತಡೆಯುವದು ಆ ಅರ್ಧ ಅಡಿಯೇ. ಹಾಗೆಯೇ, ಏನೂ ಇಲ್ಲದವನಿಗೂ ತನ್ನ ಹುಟ್ಟಿನ ಹೆಮ್ಮೆ ಇರುವದು. ನಮ್ಮ ಮನೆತನ ಇಂಥದು, ಅವರ ಮನೆತನ ಅಂಥದು ಎಂದು ಹೇಳಿ ಕರ್ತನ ಮೇಜಿನ ಬಳಿಯಲ್ಲಿಯೂ ದೂರ ನಿಲ್ಲುವವನು ಹೊರಗೆ ಎಷ್ಟು ಬಡವನಾದರೂ ಒಳಗೆ ಬಹಳ ಅಗಲವುಳ್ಳವನು.

೩. ಬಂಡೆಗೆ ಇಡುವ ಸಿಡಿಮದ್ದು

ಹಾಗಾದರೆ ಕನ್ನಡಿ ಮಡಿಚುವ ಸಾರಥಿಯ ಹಾಗೆ ಸ್ವಲ್ಪ ಕುಗ್ಗಿಕೊಂಡು ಬಂದರೆ ಸಾಕೋ? ಇಲ್ಲಿ ಈ ದೃಷ್ಟಾಂತಕ್ಕೆ ಒಂದು ಮೇರೆ ಉಂಟು. ಅದನ್ನು ದಾಟಿದರೆ ನಾವು ಮೋಸಹೋಗುವೆವು. ಡಕೋಟದ ಸುರಂಗವನ್ನು ಬಂಡಿಗಳು ದಾಟಲೆಂದೇ ಮನುಷ್ಯರು ಕೊರೆದರು. ಕರ್ತನು ಹೇಳಿದ ಸೂಜಿಯಾದರೋ ನಮ್ಮ ಹೆಂಗಸರು ಬಟ್ಟೆ ಹೊಲಿಯುವ ಸೂಜಿಯಂಥದೇ.

ಈ ಮಾತು ಕಠಿಣವಾಗಿ ತೋರಿದ್ದರಿಂದ, ಅದನ್ನು ಅಗಲಮಾಡುವದಕ್ಕೆ ಅನೇಕರು ಬಂಡೆಗೆ ಸಿಡಿಮದ್ದಿಟ್ಟಂತೆ ಮಾಡಿದ್ದಾರೆ. ಯೆರೂಸಲೇಮಿನ ಕೋಟೆಯಲ್ಲಿ ಸೂಜಿಯ ಕಣ್ಣೆಂಬ ಒಂದು ಚಿಕ್ಕ ಬಾಗಲಿತ್ತು, ಒಂಟೆಯು ಹೊರೆ ಇಳಿಸಿ ಮೊಣಕಾಲೂರಿದರೆ ಅದರಲ್ಲಿ ದಾಟುತ್ತಿತ್ತು ಎಂದು ಕೆಲವರು ಬೋಧಿಸುವದನ್ನು ನೀವು ಕೇಳಿರಬಹುದು. ಕೇಳುವದಕ್ಕೆ ಇಂಪಾಗಿದೆ, ಆದರೆ ಕರ್ತನ ಕಾಲದಲ್ಲಿ ಅಂಥ ಹೆಸರಿನ ಬಾಗಲು ಇತ್ತೆಂಬದಕ್ಕೆ ಏನೂ ಆಧಾರವಿಲ್ಲ. ಆ ಕಥೆ ಬಹು ಶತಮಾನಗಳ ತರುವಾಯ ಹುಟ್ಟಿದ್ದು. ಇನ್ನು ಕೆಲವರು, ಗ್ರೀಕ್ ಭಾಷೆಯಲ್ಲಿ ಒಂಟೆ ಎಂಬ ಮಾತಿಗೆ ಬಹು ಸಮೀಪವಾದ ಇನ್ನೊಂದು ಮಾತಿದೆ, ಅದರ ಅರ್ಥ ಹಡಗಿನ ಹಗ್ಗ ಎಂದರು. ಹಗ್ಗವಾದರೂ ಸೂಜಿಯಲ್ಲಿ ಪೋಣಿಸಲ್ಪಡುವದೋ? ಬಾಬೆಲ್ ದೇಶದ ಯೆಹೂದ್ಯ ಪಂಡಿತರು ತಮ್ಮ ಗ್ರಂಥದಲ್ಲಿ, ಆಗಲಾರದ ಸಂಗತಿಯನ್ನು ಸೂಚಿಸುವದಕ್ಕೆ ಸೂಜಿಯ ಕಣ್ಣಿನಲ್ಲಿ ಆನೆ ಹೋಗುವ ಮಾತನ್ನು ಹೇಳಿದ್ದಾರೆ. ಯೇಸು ಕ್ರಿಸ್ತನು ತನ್ನ ಕೇಳುಗರು ದಿನಾಲು ಕಾಣುತ್ತಿದ್ದ ದೊಡ್ಡ ಪ್ರಾಣಿಯನ್ನು ತೆಗೆದುಕೊಂಡು ಅದೇ ರೀತಿಯಲ್ಲಿ ಮಾತಾಡಿದನು. ಕಷ್ಟವೆಂದು ಹೇಳಿ ಆತನು ನಿಲ್ಲಿಸಲಿಲ್ಲ. ಮನುಷ್ಯರಿಂದ ಆಗದೆಂದೇ ಹೇಳಿದನು. ಹಾಗಾದರೆ ಯಾರಿಗೆ ರಕ್ಷಣೆಯಾದೀತು ಎಂದು ಶಿಷ್ಯರು ಕೇಳಿದ್ದು ಅದಕ್ಕೋಸ್ಕರವೇ.

ಮಾತಿನ ಬಂಡೆಯನ್ನು ಒಡೆದು ಅಗಲಮಾಡಿದವನು ತಾನು ಒಳಗೆ ಬಂದೆನೆಂದು ನೆನಸಿಕೊಳ್ಳಬಹುದು. ಆದರೆ ಅವನು ಬಂದು ಸೇರಿದ್ದು ತಾನೇ ಮಾಡಿಕೊಂಡ ರಾಜ್ಯಕ್ಕೆ, ದೇವರ ರಾಜ್ಯಕ್ಕಲ್ಲ.

೪. ದಾಟಿದ ಒಂಟೆ

ದೇವರಿಗೆ ಎಲ್ಲವೂ ಸಾಧ್ಯವೆಂದು ಕರ್ತನು ಕೂಡಲೇ ಹೇಳಿದನು. ಅದು ಹೇಗೆಂಬದನ್ನು ಲೂಕನ ಸುವಾರ್ತೆಯಲ್ಲಿ ನೋಡಬಹುದು. ಹದಿನೆಂಟನೆಯ ಅಧ್ಯಾಯದಲ್ಲಿ ಆ ಐಶ್ವರ್ಯವಂತನು ದುಃಖಪಡುತ್ತಾನೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಇನ್ನೊಬ್ಬ ಐಶ್ವರ್ಯವಂತನು ಒಳಗೆ ಬರುತ್ತಾನೆ. ಅವನೇ ಜಕ್ಕಾಯನು. ಯೆರಿಕೋ ಪಟ್ಟಣದ ಸುಂಕದವರಲ್ಲಿ ಮುಖ್ಯಸ್ಥನು. ಆಳು ಗಿಡ್ಡ, ಅಗಲ ಬಹಳ. ಬಡವರ ಹಣವೆಲ್ಲಾ ಅವನ ಮನೆಯಲ್ಲಿತ್ತು. ಮೊದಲಿನವನು ಒಳ್ಳೆಯ ನಡತೆಯವನು, ಹೊರಗೆ ಉಳಿದನು. ಇವನು ಊರೆಲ್ಲಾ ಶಪಿಸಿದವನು, ಒಳಗೆ ಬಂದನು.

ಸಂಗತಿ ನಡೆದ ಕ್ರಮವನ್ನು ಗಮನಿಸಿರಿ. ಜಕ್ಕಾಯನು ಸಾಲವನ್ನೆಲ್ಲಾ ತೀರಿಸಿ ಬಂದ ಮೇಲೆ ಯೇಸು ಅವನನ್ನು ಕರೆಯಲಿಲ್ಲ. ಅವನು ಇನ್ನೂ ಮರದ ಮೇಲೆ ಇದ್ದಾಗಲೇ, ಮೋಸದ ಹಣವು ಇನ್ನೂ ಪೆಟ್ಟಿಗೆಯಲ್ಲಿ ಇದ್ದಾಗಲೇ, ಕರ್ತನು ಅವನ ಹೆಸರು ಹಿಡಿದು ಕರೆದು ಅವನ ಮನೆಗೆ ಬರುವೆನೆಂದನು. ಕೃಪೆಯು ಮೊದಲು ಬಂತು. ಆಮೇಲೆ, ಯಾರೂ ಕೇಳದೆ, ಯಾವ ಕಚೇರಿಯ ತೀರ್ಪೂ ಇಲ್ಲದೆ, ಅವನು ಎದ್ದು ನಿಂತು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆಂದನು. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದನು. ಇಗೋ, ಒಂಟೆ ದಾಟಿತು. ಸೂಜಿಯ ಕಣ್ಣು ಅಗಲವಾಗಲಿಲ್ಲ. ದೇವರ ಕೃಪೆಯು ಮನುಷ್ಯನನ್ನು ಹೊಸ ಅಳತೆಯಲ್ಲಿ ಮಾಡಿತು.

ಆ ಕೃಪೆಗೆ ಮೂಲವಾವದು? ಎಲ್ಲವನ್ನು ಹೊಂದಿದ್ದ ದೇವರ ಕುಮಾರನು ನಮಗೋಸ್ಕರ ಬರಿಗೈಯವನಾಗಿ ಬಂದನು. ಗೋದಲಿಯಷ್ಟು ಚಿಕ್ಕ ಸ್ಥಳದಲ್ಲಿ ಮಲಗಿದನು. ಸತ್ತಾಗ ಬೇರೊಬ್ಬನ ಸಮಾಧಿಯಲ್ಲಿ ಇಡಲ್ಪಟ್ಟನು. ಇಕ್ಕಟ್ಟಾದ ದಾರಿಯಲ್ಲಿ ಆತನು ಮುಂದೆ ಹೋಗಿರುವದರಿಂದಲೇ ನಾವು ಆತನ ಹಿಂದೆ ಹೋಗುವದಕ್ಕೆ ಧೈರ್ಯವುಂಟು.

ಆದದರಿಂದ, ಪ್ರಿಯರೇ, ಈ ಮಾತನ್ನು ಓದಿ ನಿಟ್ಟುಸಿರುಬಿಟ್ಟು ಪತ್ರಿಕೆಯನ್ನು ಮಡಿಚಿಡಬೇಡಿರಿ. ಕೃಪೆಯನ್ನು ಹೊಂದಿದ್ದೇವೆಂದು ಹೇಳುವವನ ಪೆಟ್ಟಿಗೆಯಲ್ಲಿ ಹಸಿದವನ ಪತ್ರ ಹಾಗೆಯೇ ಇದ್ದರೆ, ಜಕ್ಕಾಯನ ಮನೆಗೆ ಬಂದ ಅತಿಥಿಯು ಅವನ ಮನೆಗೆ ಇನ್ನೂ ಬಂದಿಲ್ಲವೆಂದು ತಿಳಿಯಬೇಕು. ಈ ರಾತ್ರಿ ದೀಪ ಹಚ್ಚಿದ ಮೇಲೆ ಪೆಟ್ಟಿಗೆಯನ್ನು ತೆರೆದು ನೋಡಿರಿ. ಯಾರ ಭೂಮಿ, ಯಾರ ಒಡವೆ, ಯಾರ ಕೂಲಿ ನಿಮ್ಮಲ್ಲಿ ಉಳಿದಿದೆ? ಅದನ್ನು ಹೆಂಡತಿಯ ಸಂಗಡ ಮಾತಾಡಿರಿ. ಮಕ್ಕಳು ಕೇಳುವ ಹಾಗೆ ಮಾತಾಡಿರಿ. ನಾಳೆ ಬೆಳಿಗ್ಗೆ ನೆರೆಯವನ ಮನೆಗೆ ಹೋಗಿ, ಅವನು ಕೇಳುವದಕ್ಕೆ ಮುಂಚೆ ಹೇಳಿರಿ. ಅತ್ತಿಗೆಯ ಗದ್ದೆಯನ್ನು ಅತ್ತಿಗೆಗೆ ಬಿಡಿರಿ. ಸರಿಸಿದ ಕಲ್ಲನ್ನು ಹಗಲಲ್ಲಿ, ನಾಲ್ಕು ಜನರು ನೋಡುತ್ತಿರುವಾಗ, ಮೊದಲಿನ ಸ್ಥಳದಲ್ಲಿ ನೆಡಿರಿ. ಜನರು ನಗಬಹುದು, ನಗಲಿ. ಪರಲೋಕದಲ್ಲಿ ಆ ಹೊತ್ತು ಸಂತೋಷವಿರುವದು.

ನೊಂದವರಿಗೂ ಒಂದು ಮಾತು. ನಿಮ್ಮದನ್ನು ಕಿತ್ತುಕೊಂಡವರನ್ನು ನೋಡಿ, ದೇವರು ಮರೆತನೆಂದು ಹೇಳಬೇಡಿರಿ. ನಾಬೋತನ ತೋಟದ ಲೆಕ್ಕ ಅಹಾಬನ ಅರಮನೆಯಲ್ಲಿ ಮುಗಿದುಹೋಗಿತ್ತು, ದೇವರಲ್ಲಿ ಮುಗಿದಿರಲಿಲ್ಲ. ನ್ಯಾಯವಾದ ದಾರಿಯಲ್ಲಿ ನಿಮ್ಮ ಹಕ್ಕನ್ನು ಕೇಳಿರಿ, ಆದರೆ ದ್ವೇಷವೆಂಬ ಹೊರೆಯನ್ನು ಎತ್ತಿಕೊಳ್ಳಬೇಡಿರಿ. ಅದೂ ಬಹಳ ಅಗಲವಾದದ್ದು.

ಡಕೋಟದ ಆ ಬೆಟ್ಟದ ದಾರಿಯನ್ನು ವರ್ಷವೆಲ್ಲಾ ತೆರೆದಿಡುವದಿಲ್ಲ. ಚಳಿಗಾಲದಲ್ಲಿ ಹಿಮ ಬಿದ್ದ ಮೇಲೆ ಅದನ್ನು ಮುಚ್ಚುತ್ತಾರೆ. ಆಗ ಬಂದವನು, ಚಿಕ್ಕವನಾದರೂ ದೊಡ್ಡವನಾದರೂ, ಬಂಡಿಯನ್ನು ಹಿಂದಕ್ಕೆ ತಿರುಗಿಸಬೇಕು. ಅಲ್ಲಿ ವಸಂತಕಾಲದಲ್ಲಿ ದಾರಿ ಮತ್ತೆ ತೆರೆಯುವದು. ನಮ್ಮ ಕೃಪೆಯ ಕಾಲವಾದರೋ ಒಂದೇ. ಅದು ಈಗ ತೆರೆದಿದೆ. ನಮ್ಮನ್ನು ಪ್ರೀತಿಯಿಂದ ನೋಡುವಾತನು ಬಾಗಲಲ್ಲಿ ನಿಂತಿದ್ದಾನೆ. ವ್ಯಸನಪಟ್ಟು ಹೊರಟುಹೋದವನ ಹಾಗೆ ನಾವು ಹೋಗದೆ, ಮರದಿಂದ ಬೇಗನೆ ಇಳಿದು ಸಂತೋಷದಿಂದ ಆತನನ್ನು ಸೇರಿಸಿಕೊಂಡವನ ಹಾಗೆ ಇರುವಂತೆ, ಮನುಷ್ಯರಿಂದ ಆಗದ್ದನ್ನು ಮಾಡಬಲ್ಲ ದೇವರು ತಾನೇ ನಮಗೆ ಸಹಾಯಮಾಡಲಿ. ಆಮೆನ್.